ನೂರು ಕೆಜಿಗೆ ಎರಡು ಕೆಜಿ

"ಮೇಡಂ, ನೂರು ಕೆಜಿಗೆ ಎರಡು ಕೆಜಿ ಕಪ್ಲರ್ ಹಾಕ್ತೀರಿ. ಒಂದು ಸಾಕಾಗಲ್ವಾ?"

ಪ್ಲಾಸ್ಟಿಕ್‌ಗೆ ಬೇರೆ ಪದಾರ್ಥ ಬೆರೆಸುವ ಪೀಣ್ಯದ ನಮ್ಮ ಕಾಂಪೌಂಡಿಂಗ್ ಘಟಕದಲ್ಲಿ ಖರ್ಚು ಕಡಿಮೆ ಮಾಡುವ ಮಾತು ಬಂದಾಗಲೆಲ್ಲ ಪರ್ಚೇಸ್‌ನವರ ಕಣ್ಣು ಬೀಳುವುದು ಇದರ ಮೇಲೆಯೇ. ಕಪ್ಲರ್ ಅಂದರೆ ಪ್ಲಾಸ್ಟಿಕ್ಕನ್ನು ಅದರೊಳಗೆ ತುಂಬುವ ಗಾಜಿನ ಎಳೆಗೆ ಬೆಸೆಯುವ ವಸ್ತು: ಮ್ಯಾಲಿಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದ ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್. ನೋಡಲು ತಿಳಿ ಹಳದಿ ಕಾಳು, ಬೆಲೆ ಮಾತ್ರ ಮಾಮೂಲಿ ಪಿಪಿಗಿಂತ ಜಾಸ್ತಿ.

ಮಾಮೂಲಿ ಪಿಪಿ ಯಾರ ಜೊತೆಗೂ ಸೇರುವುದಿಲ್ಲ. ಮೈಯೆಲ್ಲ ಬರೀ ಕಾರ್ಬನ್, ಹೈಡ್ರೋಜನ್. ಪಿಪಿ ಬಕೆಟ್ಟಿಗೆ ಪೇಂಟ್ ಬಳಿದು ನೋಡಿ, ಉಗುರಲ್ಲೇ ಕಿತ್ತು ಬರುತ್ತದೆ. ಹಾಗಾಗಿ ಕಪ್ಲರ್ ಮಾಡಲು ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಪಿಪಿ ಕರಗಿಸುವಾಗ ಚೂರು ಪೆರಾಕ್ಸೈಡ್ ಹಾಕುತ್ತಾರೆ. ಅದು ಪಿಪಿಯ ಅಣು ಸರಪಳಿಯಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಅನ್‌ಹೈಡ್ರೈಡ್ ಬಂದು ಕೂರುತ್ತದೆ. ಸಾಮಾನ್ಯವಾಗಿ ಹತ್ತುವುದು ಶೇಕಡಾ 1ರ ಆಸುಪಾಸು, ಅಷ್ಟೇ. ಇನ್ನೂ ಬೇಕು ಅಂತ ಪೆರಾಕ್ಸೈಡ್ ಏರಿಸಿದರೆ ಸರಪಳಿಯೇ ತುಂಡಾಗಿ ಮಾಲು ನೀರಿನ ಹಾಗೆ ಹರಿಯುತ್ತದೆ. ಕಸಿಯಾಗದೆ ಉಳಿದದ್ದು ವೆಂಟ್‌ನಿಂದ ಘಾಟಾಗಿ ಬಂದು ಕಣ್ಣು ಉರಿಸುತ್ತದೆ.

ನಮ್ಮ ಮುಖ್ಯ ಮಾಲು ಶೇಕಡಾ 30 ಗ್ಲಾಸ್ ಫೈಬರ್ ತುಂಬಿದ ಪಿಪಿ. ಗಾಜಿನ ಎಳೆಗೆ ಮೊದಲೇ ಅಮಿನೋ ಸಿಲೇನ್ ಲೇಪ ಇರುತ್ತದೆ, ಅದರಲ್ಲಿ ಅಮೀನ್ ಎಂಬ ಸಾರಜನಕದ ಗುಂಪು ಇದೆ. ಎಕ್ಸ್‌ಟ್ರೂಡರ್‌ನ ಬಿಸಿಯಲ್ಲಿ ಅಲ್ಲಿನ ಅಮೀನ್, ಇಲ್ಲಿನ ಅನ್‌ಹೈಡ್ರೈಡ್ ಎರಡೂ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಉಳಿದ ಪಿಪಿ ಬಾಲ ಸುತ್ತಲಿನ ಪಿಪಿಯಲ್ಲಿ ಹೆಣೆದುಕೊಳ್ಳುತ್ತದೆ. ನೈಲಾನ್ ಜೊತೆ ಪಿಪಿ ಬೆರೆಸುವಾಗಲೂ ಇದೇ ಕಥೆ, ನೈಲಾನ್ ಸರಪಳಿಯ ತುದಿಯಲ್ಲೂ ಅಮೀನ್ ಇದೆಯಲ್ಲ.

ಪರ್ಚೇಸ್‌ನವರಿಗೆ ಬಾಯಲ್ಲಿ ಹೇಳುವುದು ಬಿಟ್ಟು ಮುರಿದ ಟೆಸ್ಟ್ ಕಡ್ಡಿಗಳನ್ನು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಕಪ್ಲರ್ ಇಲ್ಲದ್ದರಲ್ಲಿ ಗಾಜಿನ ಎಳೆಗಳು ತೊಳೆದಿಟ್ಟ ಪೊರಕೆ ಕಡ್ಡಿಯಂತೆ ನುಣ್ಣಗೆ ಹೊರಗೆ ಚಾಚಿದ್ದವು, ಪಕ್ಕದಲ್ಲಿ ಎಳೆ ಜಾರಿಹೋದ ತೂತುಗಳು. ಕಪ್ಲರ್ ಇರುವುದರಲ್ಲಿ ಎಳೆಗಳು ಗಿಡ್ಡವಾಗಿ ಮುರಿದಿದ್ದವು, ಮೈತುಂಬ ಪ್ಲಾಸ್ಟಿಕ್ ಮೆತ್ತಿಕೊಂಡಿತ್ತು. "ಓಹೋ" ಅಂದರು. ಆಮೇಲೆ, "ಒಂದೂವರೆ?" ಅಂದರು.

ನಿಜವಾಗಿ ಉಳಿತಾಯ ಬೇಕಿದ್ದರೆ ಗೋಡೌನಿನಲ್ಲಿ ಚೀಲದ ಬಾಯಿ ಕಟ್ಟಿಡಲಿ. ಮಳೆಗಾಲದ ತೇವಕ್ಕೆ ಅನ್‌ಹೈಡ್ರೈಡ್‌ನ ಉಂಗುರ ಬಿಚ್ಚಿ ಆಸಿಡ್ ಆಗುತ್ತದೆ, ಅಮೀನ್ ಜೊತೆ ಮೊದಲಿನಷ್ಟು ಚುರುಕಾಗಿ ಸೇರುವುದಿಲ್ಲ. ಒಣಗಿಸಿದರೆ ಸುಮಾರಾಗಿ ಸರಿಹೋಗುತ್ತದೆ, ಆದರೆ ಅದಕ್ಕೂ ಕರೆಂಟ್ ಬೇಕಲ್ವಾ?

ಹಾಗಂತ ಐದು ಕೆಜಿ ಹಾಕಿ ಅನ್ನುವ ಸಪ್ಲೈಯರ್ ಮಾತನ್ನೂ ನಾನು ಕೇಳುವುದಿಲ್ಲ. ಎಳೆಯ ಮೈ ತುಂಬಿದ ಮೇಲೆ ಹೆಚ್ಚಿಗೆ ಹಾಕಿದ್ದು ಸುಮ್ನೆ ದಂಡ. ಟಾಲ್ಕ್ ಎಂಬ ಖನಿಜದ ಪುಡಿ ತುಂಬುವ ಗ್ರೇಡಿನಲ್ಲಂತೂ ಇದರಿಂದ ಅಷ್ಟಾಗಿ ಪ್ರಯೋಜನವಿಲ್ಲ, ಹಿಡಿದುಕೊಳ್ಳಲು ಆ ಪುಡಿಯ ಮೈಮೇಲೆ ಹೆಚ್ಚೇನೂ ಇಲ್ಲ. ಅಲ್ಲಿ ಬೇಕಾದರೆ ಕತ್ತರಿ ಹಾಕಲಿ.