ಪಿಟಿಎಸ್‌ಡಿ ಸ್ಕ್ಯಾನ್‌ನಲ್ಲಿ ಕಾಣುತ್ತಾ?

ನಾನು ಎಂಆರ್‌ಐ ಟೆಕ್ನಿಷಿಯನ್. ವಾಚು, ಬಳೆ, ಸರ ಎಲ್ಲ ತೆಗೆಸಿ, "ಅಲ್ಲಾಡಬೇಡಿ" ಅಂತ ಹೇಳಿ ಮಲಗಿಸುವುದು ನನ್ನ ಕೆಲಸ. ರಿಪೋರ್ಟ್ ಬರೆಯುವವರು ಡಾಕ್ಟರು. ಆದರೆ ಜನ ಪ್ರಶ್ನೆ ಕೇಳುವುದು ನನ್ನನ್ನೇ. ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು: "ಪಿಟಿಎಸ್‌ಡಿ ಇದ್ದವರ ಮೆದುಳೇ ಬೇರೆ ಥರ ಇರುತ್ತಂತೆ. ಇದರಲ್ಲಿ ಕಾಣುತ್ತಾ?"

ಯುದ್ಧ, ಅಪಘಾತ, ಹಲ್ಲೆ, ಇಂಥದ್ದೊಂದು ಆದ ಮೇಲೆ ತಿಂಗಳು ದಾಟಿದರೂ ಅದೇ ಕನಸು, ಅದೇ ಬೆಚ್ಚಿಬೀಳುವುದು, ಆ ಜಾಗದ ಹತ್ತಿರವೂ ಸುಳಿಯದೆ ತಪ್ಪಿಸಿಕೊಳ್ಳುವುದು ನಿಲ್ಲದಿದ್ದರೆ ಅದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ಕಳೆದ ವರ್ಷ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನ ಬೈಕಿಗೆ ಲಾರಿ ಗುದ್ದಿತ್ತು. ತಲೆನೋವು ಹೋಗಿಲ್ಲ ಅಂತ ಡಾಕ್ಟರು ಸ್ಕ್ಯಾನ್ ಬರೆದಿದ್ದರು. ರಸ್ತೆಯ ಮೇಲೆ ಬರಲಾರೆ ಅಂತ ಅವನು ಹಟ ಹಿಡಿದಿದ್ದಕ್ಕೆ ರೈಲಿನಲ್ಲಿ ಬಂದಿದ್ದರು. ರಿಪೋರ್ಟ್ ನಾರ್ಮಲ್. ಅದನ್ನು ತೆಗೆದುಕೊಂಡು ಹೋಗಲು ಬಂದಾಗ ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಎಲ್ಲ ಸರಿ ಇದೆ ಅಂತ ಬಂದಿದೆ ಸಾರ್. ಮತ್ತೆ ಹಾರ್ನ್ ಕೇಳಿದ್ರೆ ಇವನ್ಯಾಕೆ ನಡುಗ್ತಾನೆ? ಇವರಪ್ಪ ಸುಮ್ನೆ ನಾಟಕ ಅಂತಾರೆ."

ಅವತ್ತು ಗಡಿಬಿಡಿಯಲ್ಲಿ ಏನೋ ಹೇಳಿ ಕಳಿಸಿದೆ. ಸರಿಯಾಗಿ ಹೇಳಬೇಕಿದ್ದದ್ದು ಇಲ್ಲಿದೆ.

ಮೆದುಳಿನ ಒಳಗೆ, ಕಿವಿಗಳ ನೇರಕ್ಕೆ, ಆಚೆ ಒಂದು ಈಚೆ ಒಂದು ಹಿಪೊಕ್ಯಾಂಪಸ್ ಇದೆ. ನೋಡಲು ಕಡಲ್ಗುದುರೆಯ ಹಾಗೆ ಅಂತ ಆ ಹೆಸರು. ಒಂದೊಂದೂ ಒಂದು ಟೀ ಚಮಚದಷ್ಟೂ ಇಲ್ಲ. ನಡೆದದ್ದನ್ನು ಎಲ್ಲಿ ಆಯ್ತು, ಯಾವಾಗ ಆಯ್ತು ಅಂತ ಗುರುತು ಹಾಕಿ ನೆನಪಾಗಿಸುವುದರಲ್ಲಿ ಇದರ ಪಾಲು ದೊಡ್ಡದು. ಆ ಗುರುತು ಸರಿಯಾಗಿ ಕೂರದಿದ್ದರೆ, ಹಳೆಯ ಲಾರಿ ಈಗಲೇ ಬಂದ ಹಾಗೆ ಅನಿಸಬಹುದಲ್ವಾ? ಸಂಶೋಧಕರ ಗುಮಾನಿಯೂ ಅದೇ.

1995ರಲ್ಲಿ ಅಮೆರಿಕದಲ್ಲಿ ಬ್ರೆಮ್ನರ್ ಮತ್ತು ಜೊತೆಯವರು ವಿಯೆಟ್ನಾಂ ಯುದ್ಧದಿಂದ ಬಂದ, ಪಿಟಿಎಸ್‌ಡಿ ಇದ್ದ 26 ಸೈನಿಕರ ಸ್ಕ್ಯಾನ್ ಮಾಡಿದರು. ಕಾಯಿಲೆ ಇಲ್ಲದ 22 ಜನರ ಜೊತೆ ಹೋಲಿಸಿದಾಗ ಬಲಗಡೆಯ ಹಿಪೊಕ್ಯಾಂಪಸ್ ಸರಾಸರಿ ಶೇಕಡಾ 8ರಷ್ಟು ಚಿಕ್ಕದಿತ್ತು. ಒತ್ತಡದ ಹಾರ್ಮೋನು ಬಹಳ ದಿನ ಹರಿದರೆ ಇಲಿಗಳ ಹಿಪೊಕ್ಯಾಂಪಸ್‌ಗೆ ಪೆಟ್ಟು ಬೀಳುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಹಾಗಾಗಿ ಕಥೆ ತಾನಾಗೇ ಹೊಂದಿಕೊಂಡಿತು: ಆಘಾತ ಮೆದುಳನ್ನು ಸವೆಸುತ್ತದೆ. ಯೂಟ್ಯೂಬಿನಲ್ಲಿ ಇವತ್ತಿಗೂ ಓಡುತ್ತಿರುವುದು ಇದೇ ಕಥೆ, ಕೆಂಪು ನೀಲಿ ಬಳಿದ ಮೆದುಳಿನ ಚಿತ್ರದ ಜೊತೆ. ನಮ್ಮ ಮೆಷಿನ್ ತೆಗೆಯುವ ಚಿತ್ರ ಬೂದು ಬಣ್ಣದ್ದು. ಆ ಕೆಂಪು ಆಮೇಲೆ ಕಂಪ್ಯೂಟರ್ ಹಚ್ಚಿದ್ದು.

2002ರಲ್ಲಿ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ಒಂದು ಜಾಣ ಕೆಲಸ ಮಾಡಿದರು. ಅವರು ಹುಡುಕಿದ್ದು ತದ್ರೂಪಿ ಅವಳಿಗಳನ್ನು. ಒಬ್ಬ ವಿಯೆಟ್ನಾಂನಲ್ಲಿ ಕಾದಾಡಿ ಬಂದಿದ್ದ, ಇನ್ನೊಬ್ಬ ಯುದ್ಧವನ್ನೇ ನೋಡಿರಲಿಲ್ಲ. ವಂಶವಾಹಿ ಒಂದೇ, ಬೆಳೆದ ಮನೆಯೂ ಒಂದೇ. ಆಘಾತದಿಂದಲೇ ಹಿಪೊಕ್ಯಾಂಪಸ್ ಕುಗ್ಗುವುದಾದರೆ, ಮನೆಯಲ್ಲಿದ್ದವನದ್ದು ದೊಡ್ಡದಾಗಿಯೇ ಇರಬೇಕು. ಇರಲಿಲ್ಲ. ಕಾಯಿಲೆ ತೀವ್ರವಾಗಿದ್ದ ಸೈನಿಕರ ಅವಳಿಗಳದ್ದೂ ಹೆಚ್ಚುಕಡಿಮೆ ಅಷ್ಟೇ ಚಿಕ್ಕದಿತ್ತು. ಅಂದರೆ ಅದು ಯುದ್ಧಕ್ಕೆ ಮೊದಲೇ ಹಾಗಿದ್ದಿರಬೇಕು. ಚಿಕ್ಕದಿದ್ದವರಿಗೆ ಆಘಾತದಿಂದ ಚೇತರಿಸಿಕೊಳ್ಳುವುದು ಕಷ್ಟವಾಗಿರಬಹುದು.

ಇದನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಹೊಟ್ಟೆ ತೊಳಸಿತು. ನಮ್ಮ ಜನರ ಬಾಯಿಗೆ ಸಿಕ್ಕರೆ "ಹುಟ್ಟಿನಿಂದಲೇ ಇವನು ಪುಕ್ಕಲ" ಅಂತ ಆಗುತ್ತದೆ. ಹಾಗಲ್ಲ. ಅದೇ ಮೆದುಳಿಟ್ಟುಕೊಂಡು ಮನೆಯಲ್ಲಿದ್ದ ಅವಳಿ ಚೆನ್ನಾಗಿಯೇ ಇದ್ದ. ಕಾಯಿಲೆ ಬಂದದ್ದು ಯುದ್ಧ ಕಂಡವನಿಗೆ. ಅದೂ ಅಲ್ಲದೆ, ಎಲ್ಲವೂ ಹುಟ್ಟಿನಿಂದ ಬಂದದ್ದೂ ಅಲ್ಲ. 2008ರಲ್ಲಿ ಇಂಥದೇ ಅವಳಿಗಳಲ್ಲಿ ಕಸಾಯ್ ಮತ್ತು ಇತರರು ಮೆದುಳಿನ ಮುಂಭಾಗದ ಒಂದು ತುಣುಕನ್ನು ನೋಡಿದರು. ಭಯಕ್ಕೆ ಲಗಾಮು ಹಾಕುವ ಕಡೆಯದು. ಅಲ್ಲಿ ಸೈನಿಕನಲ್ಲಿ ಕಡಿಮೆಯಾಗಿದ್ದದ್ದು ಅವಳಿಯಲ್ಲಿ ಕಡಿಮೆಯಾಗಿರಲಿಲ್ಲ. ಹಾಗಾಗಿ ಒಂದು ಮೊದಲೇ ಇದ್ದದ್ದು, ಇನ್ನೊಂದು ಆಮೇಲೆ ಆದದ್ದು.

ಸರಿ, ಹಾಗಾದರೆ ಸ್ಕ್ಯಾನ್‌ನಲ್ಲಿ ಯಾಕೆ ಕಾಣುವುದಿಲ್ಲ? 2018ರಲ್ಲಿ ಹಲವು ಕಡೆಯ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ 1868 ಜನರ ಲೆಕ್ಕ ಹಾಕಿದರು. ಅವರಲ್ಲಿ 794 ಜನರಿಗೆ ಪಿಟಿಎಸ್‌ಡಿ ಇತ್ತು. ಹಿಪೊಕ್ಯಾಂಪಸ್ ಚಿಕ್ಕದಿರುವುದು ಅಲ್ಲೂ ಕಂಡಿತು, ಆದರೆ ವ್ಯತ್ಯಾಸ ತೀರಾ ಸಣ್ಣದು. ಭಯದ ಗಂಟೆ ಅಂತ ಎಲ್ಲರೂ ಹೇಳುವ ಅಮಿಗ್ಡಲಾದ ಗಾತ್ರದಲ್ಲಂತೂ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸವೇ ಸಿಗಲಿಲ್ಲ.

ಎರಡು ಮೂಟೆ ಶೇಂಗಾ ಇಟ್ಟುಕೊಳ್ಳಿ. ಎಲ್ಲವನ್ನೂ ತೂಗಿ ಸರಾಸರಿ ತೆಗೆದರೆ ಒಂದು ಮೂಟೆಯ ಬೀಜ ಚೂರು ಸಣ್ಣ ಅಂತ ಗೊತ್ತಾಗುತ್ತದೆ. ಈಗ ಒಂದೇ ಬೀಜ ನನ್ನ ಕೈಗೆ ಕೊಟ್ಟು ಇದು ಯಾವ ಮೂಟೆಯದು ಹೇಳು ಅಂದರೆ? ಹೇಳಲಾಗುವುದಿಲ್ಲ. ನಮ್ಮ ಟೇಬಲ್ ಮೇಲೆ ಮಲಗುವವರು ಯಾವಾಗಲೂ ಒಂದೇ ಬೀಜ.

ವಕೀಲರೊಬ್ಬರು ಫೋನ್ ಮಾಡಿ, ಪರಿಹಾರದ ಕೇಸಿಗೆ ಬೇಕು, ಪಿಟಿಎಸ್‌ಡಿ ಇದೆ ಅಂತ ಸ್ಕ್ಯಾನ್‌ನಲ್ಲಿ ಬರುವ ಹಾಗೆ ಮಾಡಿಕೊಡಿ ಅಂದಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಲೆಗೆ ಪೆಟ್ಟು ಬಿದ್ದಾಗ ರಕ್ತ ಹೆಪ್ಪುಗಟ್ಟಿದೆಯಾ, ಗಡ್ಡೆ ಇದೆಯಾ ಅಂತ ನೋಡಲು ಸ್ಕ್ಯಾನ್ ಬೇಕು. ನಾರ್ಮಲ್ ಅಂದರೆ ಅಂಥದ್ದೇನೂ ಇಲ್ಲ ಅಂತ ಅಷ್ಟೇ. ಪಿಟಿಎಸ್‌ಡಿಯನ್ನು ಗುರುತಿಸುವುದು ಕೂತು ಮಾತಾಡಿಸಿ: ಏನಾಯ್ತು, ಕನಸು ಬರುತ್ತಾ, ಎಲ್ಲಿಗೆ ಹೋಗಲು ಹೆದರಿಕೆ, ಎಷ್ಟು ದಿನದಿಂದ. ಚಿಕಿತ್ಸೆಯೂ ಇದೆ. ಹೆದರಿಕೆಯ ನೆನಪನ್ನು, ಜಾಗವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುವ ಥೆರಪಿ ಇದೆ. ಸರ್ಟ್ರಲಿನ್‌ನಂಥ ಮಾತ್ರೆಗಳಿವೆ, ಡಾಕ್ಟರು ಕೊಟ್ಟರೆ ಮಾತ್ರ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿ ಮೂರು ತಿಂಗಳ ಮೇಲೆ ಫೋನ್ ಮಾಡಿದ್ದರು. ಇನ್ನೊಂದು ಸ್ಕ್ಯಾನ್ ಮಾಡಿಸಲಾ, ದೊಡ್ಡ ಮೆಷಿನ್‌ನಲ್ಲಿ ಆದರೂ ಕಾಣಬಹುದಾ ಅಂತ. ಬೇಡಮ್ಮ, ಆ ದುಡ್ಡು ಇಟ್ಕೊಳ್ಳಿ ಅಂದೆ. ಮನೋವೈದ್ಯರ ಹತ್ತಿರ ಹೋಗಿಬರುವ ರೈಲು ಚಾರ್ಜಿಗೇ ಎಷ್ಟೋ ಸಲಕ್ಕಾಗುತ್ತೆ. ಹೋಗುವಾಗ ಇವರಪ್ಪನನ್ನೂ ಕರೆದುಕೊಂಡು ಹೋಗಿ ಅಂತಲೂ ಹೇಳಿದೆ.