‘ಇಲ್ಲ’ ಎಂದದ್ದಕ್ಕೂ ಒಂದು ಪುಸ್ತಕ ಬೇಕು

ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಫಾರ್ಮಸಿ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ, ಊಟಕ್ಕೆ ಕೂತಿದ್ದೆ, ರೊಟ್ಟಿ ಇನ್ನೂ ಮುರಿದಿರಲಿಲ್ಲ. ಸಿಸ್ಟರ್ ಫೋನ್ ಬಂತು.

“ಸರ್, ಹಾವು ಕಡಿದ ಕೇಸ್ ಬಂದೈತ್ರಿ. ಇಲ್ಲಿ ಆರ ವೈಲ್ ಅದಾವ. ಉಳಿದದ್ದು ಎಲ್ಲಿಟ್ಟೀರಿ?”

ಸಿಸ್ಟರ್ ಕೇಳಿದ್ದು ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಔಷಧಿಯ ಸಣ್ಣ ಸೀಸೆಗಳನ್ನು. ಉಳಿದದ್ದು ಎಲ್ಲೂ ಇರಲಿಲ್ಲ.

ಹನ್ನೆರಡು ವರ್ಷದ ಹುಡುಗಿ. ಹೊಲದಿಂದ ಬರುವಾಗ ಬದುವಿನ ಮೇಲೆ ಕಾಲಿಗೆ ಕಡಿದಿತ್ತು. ನಾನು ಹೋಗುವಷ್ಟರಲ್ಲಿ ಡಾಕ್ಟರು ಒಣಗಿದ ಗಾಜಿನ ಟ್ಯೂಬಿನಲ್ಲಿ ಎರಡು ಎಂಎಲ್ ರಕ್ತ ಹಾಕಿ ಇಟ್ಟಿದ್ದರು. ಇಪ್ಪತ್ತು ನಿಮಿಷ ಅದನ್ನು ಅಲುಗಾಡಿಸಬಾರದು. ಆಮೇಲೆ ಟ್ಯೂಬ್ ವಾಲಿಸಿದರು, ರಕ್ತ ನೀರಿನಂತೆ ಹರಿಯಿತು. ಹೆಪ್ಪುಗಟ್ಟಿಲ್ಲ ಅಂದರೆ ವಿಷ ಮೈಗೇರಿದೆ ಅಂತಲೇ ಅರ್ಥ. ಮೊದಲ ಡೋಸಿಗೇ ಎಂಟರಿಂದ ಹತ್ತು ವೈಲ್ ಬೇಕು. ಚಿಕ್ಕ ಮಕ್ಕಳು ಅಂತ ಕಡಿಮೆ ಮಾಡುವಂತಿಲ್ಲ, ಹಾವು ಮಕ್ಕಳಿಗೆ ಕಡಿಮೆ ವಿಷ ಬಿಡುವುದಿಲ್ಲ ಅಲ್ವಾ. ಸ್ಟಾಕ್ ಬುಕ್ಕಿನಲ್ಲಿ ‘6’ ಅಂತ ಇದ್ದದ್ದು ಆರು ಜನಕ್ಕಲ್ಲ, ಒಬ್ಬಳಿಗೂ ಸಾಲುವಷ್ಟಿರಲಿಲ್ಲ.

ಇದ್ದ ಆರನ್ನು ಶುರು ಮಾಡಿದರು. ವೈಲಿನಲ್ಲಿರುವ ಪುಡಿಗೆ ನೀರು ಹಾಕಿ ಜೋರಾಗಿ ಕುಲುಕಿದರೆ ಬರೀ ನೊರೆ ಬರುತ್ತದೆ, ಅದಕ್ಕೆ ಸಿಸ್ಟರ್ ಒಂದೊಂದೇ ವೈಲನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸುತ್ತಾ ಕರಗಿಸುತ್ತಿದ್ದರು. ನಾನು ಪಕ್ಕದ ತಾಲ್ಲೂಕಿನ ಫಾರ್ಮಸಿಸ್ಟ್‌ಗೆ ಫೋನ್ ಮಾಡಿ ಹತ್ತು ವೈಲ್ ಕೈಗಡ ಕೇಳಿದೆ. ಹುಡುಗಿಯ ಕಾಕಾ ಮಳೆಯಲ್ಲೇ ಬೈಕ್ ಓಡಿಸಿಕೊಂಡು ಹೋಗಿ ತಂದರು. ಅವಳು ಬದುಕಿದಳು. ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದಳು.

ಆದರೆ ನನಗೆ ಮರುದಿನ ಬೆಳಗ್ಗೆ ಸ್ಟಾಕ್ ಬುಕ್ ತೆಗೆದಾಗ ಕಂಡದ್ದು ಈಗಲೂ ಮನಸ್ಸಿನಿಂದ ಹೋಗಿಲ್ಲ. ಇಂಡೆಂಟ್, ಅಂದರೆ ಔಷಧಿಯ ಬೇಡಿಕೆ ಪಟ್ಟಿ, ಹಾಕಿದ್ದು ನಾನೇ, ಹಿಂದಿನ ವರ್ಷದ ಖರ್ಚಿನ ಸರಾಸರಿ ತೆಗೆದು. ಆ ವರ್ಷ ಆಗಸ್ಟ್ ತಿಂಗಳ ಖರ್ಚು ಸೊನ್ನೆ. ಮಳೆಗಾಲದಲ್ಲಿ ಸೊನ್ನೆ ಹೇಗೆ? ಯಾಕಂದರೆ ಆ ತಿಂಗಳು ಔಷಧಿಯೇ ಇರಲಿಲ್ಲ! ಕ್ಯಾಶುವಾಲ್ಟಿ ರಿಜಿಸ್ಟರ್ ತೆಗೆದು ನೋಡಿದೆ, ಹಾವು ಕಡಿದ ಮೂವರನ್ನು ವಿಜಯಪುರಕ್ಕೆ ಕಳಿಸಿದ್ದರು. ನನ್ನ ಪುಸ್ತಕದಲ್ಲಿ ಮಾತ್ರ ಆ ಮೂವರು ಬಂದೇ ಇಲ್ಲ. ಅಂದರೆ ಒಂದು ವರ್ಷದ ಕೊರತೆ ಮುಂದಿನ ವರ್ಷದ ಲೆಕ್ಕದಲ್ಲಿ ‘ಬೇಡಿಕೆ ಇಲ್ಲ’ ಅಂತ ಸೇರಿಕೊಳ್ಳುತ್ತದೆ, ಇಂಡೆಂಟ್ ಸಣ್ಣದಾಗುತ್ತದೆ, ಮತ್ತೆ ಕೊರತೆ. ಈ ಕೊರತೆಯನ್ನು ನಾವೇ ನಮ್ಮ ಕೈಯಿಂದ ಬರೆದು ಕಳಿಸುತ್ತಿದ್ದೇವೆ.

ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಕಿಟಕಿಯ ಪಕ್ಕ ದಾರ ಕಟ್ಟಿ ತೂಗುಹಾಕಿದೆ. ‘ಇಲ್ಲ’ ಪುಸ್ತಕ ಅಂತಲೇ ಎಲ್ಲರೂ ಕರೆಯುತ್ತಾರೆ. ತಾರೀಖು, ಔಷಧಿ, ಎಷ್ಟು ಬೇಕಿತ್ತು, ಏನು ಮಾಡಿದೆವು: ಇಷ್ಟೇ. ಬಿಪಿ ಗುಳಿಗೆಗೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಅಜ್ಜಿಗೆ ‘ಹೊರಗೆ ತಗೋರಿ’ ಎಂದು ಚೀಟಿ ಕೊಟ್ಟರೆ, ಮೂವತ್ತು ಗುಳಿಗೆ ಅಂತ ಅಲ್ಲಿ ಬರೆಯಬೇಕು. ಆಕೆ ಹೊರಗೆ ತಗೊಂಡಳೋ ಸುಮ್ನೆ ಊರಿಗೆ ಹೋದಳೋ ನಮಗೆ ಗೊತ್ತಾಗುವುದಿಲ್ಲ. ಬಹಳ ಜನ ಸುಮ್ನೆ ಹೋಗುತ್ತಾರೆ ಅನ್ನುವುದೇ ನನ್ನ ಅನುಮಾನ.

2024ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದರು. ಬಹಳ ಒಳ್ಳೆಯ ಕೆಲಸ. ಎಷ್ಟು ಜನಕ್ಕೆ ಕಡಿಯಿತು ಅನ್ನುವ ಲೆಕ್ಕ ಈಗ ಸಿಗುತ್ತದೆ. ಎಷ್ಟು ವೈಲ್ ಕಡಿಮೆ ಬಿತ್ತು ಅನ್ನುವ ಲೆಕ್ಕವನ್ನು ಮಾತ್ರ ಫಾರ್ಮಸಿಯವರೇ ಇಡಬೇಕು.

ಇನ್ನೊಂದು ಮಾತು. ಇದ್ದದ್ದನ್ನು ಹದವಾಗಿ ಬಳಸುವುದೂ ಅಷ್ಟೇ ಮುಖ್ಯ. ಹಾವು ಕಡಿದವರಿಗೆಲ್ಲ ಎಎಸ್‌ವಿ ಬೇಕಾಗುವುದಿಲ್ಲ, ವಿಷ ಏರಿದ ಲಕ್ಷಣ ಇದ್ದರೆ ಮಾತ್ರ. ಒಂದು ಶುದ್ಧ ಗಾಜಿನ ಟ್ಯೂಬ್ ಹತ್ತು ವೈಲ್ ಉಳಿಸಬಲ್ಲದು, ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ಜೊತೆಗೆ ರೆಪ್ಪೆ ಜೋತುಬಿದ್ದಿದೆಯಾ ಅಂತಲೂ ನೋಡಬೇಕು, ನಾಗರಹಾವು, ಕಟ್ಟುಹಾವು ಕಡಿದರೆ ವಿಷ ಏರಿದ್ದರೂ ರಕ್ತ ಸರಿಯಾಗೇ ಹೆಪ್ಪುಗಟ್ಟಬಹುದು. ನಾಯಿ ಕಡಿತದ ಲಸಿಕೆಯೂ ಹಾಗೇ. ಸ್ನಾಯುವಿಗೆ ಕೊಟ್ಟರೆ ಒಬ್ಬರಿಗೆ ಐದು ವೈಲ್, ಚರ್ಮದೊಳಗೆ ಕೊಟ್ಟರೆ ನಾಲ್ಕು ಭೇಟಿಗೆ ಸೇರಿ 0.8 ಎಂಎಲ್ ಸಾಕು. ಆದರೆ ಒಮ್ಮೆ ತೆರೆದ ವೈಲ್ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು, ಅದಕ್ಕೆ ಮರುಭೇಟಿಗೆ ಬರುವವರನ್ನು ಆದಷ್ಟು ಒಂದೇ ಹೊತ್ತಿಗೆ ಕರೆಯುತ್ತೇವೆ.

ಪ್ರತಿ ಸೋಮವಾರ ಒಂದು ತಿಂಗಳಿಗಿಂತ ಕಡಿಮೆ ಉಳಿದ ಔಷಧಿಗಳ ಪಟ್ಟಿಯನ್ನು ಡಾಕ್ಟರ ಟೇಬಲ್ ಮೇಲೆ ಇಡುತ್ತೇನೆ. ಮುಗಿದ ಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ಬದಲಿ ಔಷಧಿ ಯೋಚಿಸುತ್ತಾರೆ. ಆರೋಗ್ಯ ರಕ್ಷಾ ಸಮಿತಿ ದುಡ್ಡಿನಲ್ಲಿ ಸ್ಥಳೀಯವಾಗಿ ಕೊಳ್ಳಬೇಕಾದರೂ ಆ ಪಟ್ಟಿ, ಈ ‘ಇಲ್ಲ’ ಪುಸ್ತಕ ಎರಡನ್ನೂ ಮುಂದಿಟ್ಟೇ ಕೇಳುತ್ತೇನೆ. ಬರೀ ಬಾಯಿಮಾತಿಗೆ ಸಿಗದ ಒಪ್ಪಿಗೆ ಪುಟ ತೋರಿಸಿದರೆ ಬೇಗ ಸಿಗುತ್ತದೆ.

ಈ ವರ್ಷ ಎಎಸ್‌ವಿ ಇಂಡೆಂಟನ್ನು ಮೇ ತಿಂಗಳಲ್ಲೇ ಹಾಕಿದೆ, ಬರೀ ಮಳೆಗಾಲದ ತಿಂಗಳುಗಳ ಖರ್ಚು ನೋಡಿ, ಕಳಿಸಿಬಿಟ್ಟ ಆ ಮೂವರನ್ನೂ ಸೇರಿಸಿ. ನಲವತ್ತು ವೈಲ್ ಬಂದವು. ಅದರಲ್ಲಿ ಹತ್ತನ್ನು ಮೊನ್ನೆ ಪಕ್ಕದ ತಾಲ್ಲೂಕಿನವರು ಕೈಗಡ ಒಯ್ದಿದ್ದಾರೆ.