ಪೂರ್ತಿ ಮುಚ್ಚದ ಸ್ಲೈಡ್

ಕಲಬುರಗಿಯಲ್ಲಿ ನಾನು ಪೊಲೀಸ್ ಆರ್ಮರರ್ (ಆಯುಧಗಳನ್ನು ದುರಸ್ತಿ ಮಾಡುವವ) ಆಗಿದ್ದ ಕಾಲದಲ್ಲಿ, ವಾರ್ಷಿಕ ಫೈರಿಂಗ್ ಅಭ್ಯಾಸದ ಒಂದು ಬೆಳಿಗ್ಗೆ 9 ಎಂ.ಎಂ. ಪಿಸ್ತೂಲೊಂದು ಮತ್ತೆ ಮತ್ತೆ ನಿಲ್ಲತೊಡಗಿತು. ಗುಂಡು ಹಾರಿದ ಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಲೋಹದ ಭಾಗ, ಹಿಂದಕ್ಕೆ ಹೋಗಿ ಖಾಲಿ ಕೋಕಾ (ಹಾರಿದ ಗುಂಡಿನ ಕವಚ) ಎಸೆಯುತ್ತಿತ್ತು, ಮ್ಯಾಗಜೀನಿನಿಂದ ಮುಂದಿನ ಗುಂಡನ್ನೂ ತೆಗೆದುಕೊಳ್ಳುತ್ತಿತ್ತು. ಆದರೆ ಮುಚ್ಚಿಕೊಳ್ಳಲು ಎರಡು ಮೂರು ಮಿಲಿಮೀಟರ್ ಉಳಿದಿರುವಾಗ ತಡೆದುಬಿಡುತ್ತಿತ್ತು. ಹೆಬ್ಬೆರಳಿನಿಂದ ನೂಕಿ ಅಭ್ಯಾಸ ಮುಗಿಸೋಣ ಎಂದರು ಜೊತೆಗಿದ್ದವರು. ನಾನು ಒಪ್ಪಲಿಲ್ಲ. ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಂತೆ ಈ ಪಿಸ್ತೂಲನ್ನು ರೂಪಿಸಲಾಗಿದೆ. ಬಂದೋಬಸ್ತಿನ ಹೊತ್ತಿನಲ್ಲಿ ಹೀಗಾದರೆ ಸಿಬ್ಬಂದಿಯ ಪ್ರಾಣಕ್ಕೇ ಕುತ್ತು.

ಪಶ್ಚಿಮ ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾಗುವ ಈ ಪಿಸ್ತೂಲಿಗೆ 1935ರ ಬ್ರೌನಿಂಗ್ ಹೈ ಪವರ್ ಮೂಲ. ಬ್ಯಾರಲಿನ ಕೆಳಗೆ ಕೂರುವ ರಿಕಾಯಿಲ್ ಸ್ಪ್ರಿಂಗ್ ಹಿಂದಕ್ಕೆ ನುಗ್ಗುವ ಸ್ಲೈಡಿನ ವೇಗವನ್ನು ತಗ್ಗಿಸುತ್ತದೆ, ಬಳಿಕ ಅದೇ ಸ್ಲೈಡನ್ನು ಮುಂದಕ್ಕೆ ದೂಡಿ, ಗುಂಡನ್ನು ಬ್ಯಾರಲಿನ ಹಿಂತುದಿಯ ಛೇಂಬರಿಗೆ ಸೇರಿಸಿ, ಬ್ಯಾರಲಿನೊಂದಿಗೆ ಬಿಗಿಯುತ್ತದೆ. ಅದು ಸೋತಾಗ ಮೊದಲು ತೊಡಕಾಗುವುದು ಈ ಕೊನೆಯ ಹಂತವೇ. ಸ್ಪ್ರಿಂಗ್ ಅತಿ ಬಿಗಿಯಾಗಿದ್ದರೆ ಲಕ್ಷಣ ಬೇರೆ: ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಕೋಕಾ ಹೊರಬೀಳುವ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಸ್ಪ್ರಿಂಗಿನ ಮೇಲೆಯೇ ತಪ್ಪು ಹೊರಿಸುವಂತಿರಲಿಲ್ಲ. ನಮ್ಮ ಕಡೆಯ ಎರೆಮಣ್ಣಿನ ದೂಳು ಎಣ್ಣೆಯೊಂದಿಗೆ ಸೇರಿ ಸ್ಲೈಡಿನ ಹಳಿಗಳಲ್ಲಿ ಕೂತರೂ, ಛೇಂಬರಿನಲ್ಲಿ ಮಸಿ ಕಟ್ಟಿದರೂ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮ್ಯಾಗಜೀನ್ ತೆಗೆದು, ಛೇಂಬರ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಪಿಸ್ತೂಲನ್ನು ಬಿಚ್ಚಿ ಚಿಂದಿಯಿಂದ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿದೆ. ಮ್ಯಾಗಜೀನನ್ನೂ ಗುಂಡು ಹಾರಿಸುವವರನ್ನೂ ಬದಲಿಸಿದೆವು. ತೊಂದರೆ ಉಳಿಯಿತು. ಖಾಲಿ ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಹಿಡಿದು ಸ್ಲೈಡನ್ನು ನಿಧಾನವಾಗಿ ಬಿಟ್ಟಾಗ ಅದು ತುದಿಯವರೆಗೆ ಏರಲಿಲ್ಲ. ಆಗ ನನ್ನ ಸಂಶಯ ಗಟ್ಟಿಯಾಯಿತು. ಸರಿಯಾಗಿ ನಡೆಯುತ್ತಿದ್ದ ಅದೇ ಮಾದರಿಯ ಇನ್ನೊಂದು ಪಿಸ್ತೂಲಿನೊಂದಿಗೆ ಸ್ಪ್ರಿಂಗನ್ನಷ್ಟೇ ಅದಲುಬದಲು ಮಾಡಿದೆ. ಕಾಯಿಲೆ ಸ್ಪ್ರಿಂಗಿನ ಬೆನ್ನು ಹತ್ತಿ ಎರಡನೆಯ ಪಿಸ್ತೂಲಿಗೆ ಹೋಯಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಬಯಸುವುದಿಲ್ಲ. ನಮ್ಮ ಶಸ್ತ್ರಾಗಾರವಾದ ಕೋತ್‌ನಲ್ಲಿದ್ದ ಹೊಸ ಸ್ಪ್ರಿಂಗಿನ ಪಕ್ಕದಲ್ಲಿಟ್ಟಾಗ ಹಳೆಯದು ಗಿಡ್ಡವಾಗಿರುವುದು ಬರಿಗಣ್ಣಿಗೇ ತಿಳಿಯುತ್ತಿತ್ತು.

“ಸರ, ಹಳೇದನ್ನೇ ಸ್ವಲ್ಪ ಎಳ್ದು ಹಾಕ್ರಿ, ನಡಿತದ,” ಎಂದ ಒಬ್ಬ ಕಾನ್‌ಸ್ಟೇಬಲ್. ಈ ಮಾತನ್ನು ಬೇರೆಡೆಯೂ ಕೇಳಿದ್ದೇನೆ, ಪ್ರತಿ ಸಲವೂ ಕಟುವಾಗಿ ವಿರೋಧಿಸಿದ್ದೇನೆ. ಎಳೆದ ಸ್ಪ್ರಿಂಗ್ ಉದ್ದವಾಗಿ ಕಂಡರೂ ಅದರ ಉಕ್ಕು ಮೊದಲಿನ ಬಲವನ್ನು ಉಳಿಸಿಕೊಳ್ಳುವುದಿಲ್ಲ, ಕೆಲವು ಗುಂಡುಗಳಲ್ಲೇ ಮತ್ತೆ ಕುಗ್ಗುತ್ತದೆ. ಮೇಲಾಗಿ, ಸೋತ ಸ್ಪ್ರಿಂಗ್ ಹಾಕಿ ಬಳಸುತ್ತಾ ಹೋದರೆ ಸ್ಲೈಡ್ ಜೋರಾಗಿ ಬಡಿದು ಪಿಸ್ತೂಲಿನ ಕೆಳಭಾಗವಾದ ಫ್ರೇಮಿಗೇ ಹಾನಿಯಾಗುತ್ತದೆ.

ಹೊಸ ಸ್ಪ್ರಿಂಗ್ ಕೂರಿಸುವ ಮುನ್ನ ಅದರೊಳಗೆ ಕೂರುವ ಗೈಡ್ ಕಡ್ಡಿ ಬಾಗಿಲ್ಲವೆಂದು ನೋಡಿಕೊಂಡೆ. ಬಳಿಕ ತುಂಬಿದ ಮ್ಯಾಗಜೀನಿನ ಹದಿಮೂರು ಗುಂಡುಗಳೂ ತಡೆಯಿಲ್ಲದೆ ಹಾರಿದವು, ಕೋಕಾಗಳು ಮೊದಲಿಗಿಂತ ಹತ್ತಿರದಲ್ಲೇ ಬಿದ್ದವು. ಸ್ಪ್ರಿಂಗ್ ಬದಲಿಸಿದ ದಿನಾಂಕವನ್ನು ಆ ಪಿಸ್ತೂಲಿನ ದಾಖಲೆಯಲ್ಲಿ ಬರೆದು, ಅದೇ ವರ್ಷ ನಮಗೆ ಬಂದಿದ್ದ ಉಳಿದ ಪಿಸ್ತೂಲುಗಳ ಸ್ಪ್ರಿಂಗುಗಳನ್ನು ಅಳೆಯಲು ಅಂದು ಮಧ್ಯಾಹ್ನವೇ ಕುಳಿತೆ.